ಹರಡಿತು, ಹರಡಿದರು

2020ರ ಏಪ್ರಿಲ್ ತಿಂಗಳ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎಡಪುಟ ನದಿಯದು, ಬಲಪುಟ ಟಿ.ವಿ.ಯದು. ಹೀಗೆ ಬರೆಯಬೇಕೆಂದು ಹೊರಟದ್ದಲ್ಲ. ಬಂಟ್ವಾಳ ಪೇಟೆಯ ನಮ್ಮ ಮನೆಯ ಹಿಂಜಗಲಿಯಿಂದ ನೇತ್ರಾವತಿ ಕಾಣುತ್ತದೆ. ಒಳಗೆ ಚಾವಡಿಯಲ್ಲಿ ಅಮ್ಮ ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ಹಾಕಿಡುತ್ತಿದ್ದರು. ಲಾಕ್‌ಡೌನಿನ ಆ ದಿನಗಳಲ್ಲಿ ಕಣ್ಣು ಹೊರಗಿದ್ದರೂ ಕಿವಿ ಒಳಗೇ ಇರುತ್ತಿತ್ತು.

ತುಂಬೆಯ ಕಿಂಡಿ ಅಣೆಕಟ್ಟಿನ ಹಿನ್ನೀರು ಬೇಸಗೆಯಲ್ಲಿ ನಮ್ಮ ಕಡೆ ಅಲುಗದೆ ನಿಲ್ಲುತ್ತದೆ. ಬೆಳಿಗ್ಗೆ ಹಾವಸೆಯ ಹಸಿರು, ಮಧ್ಯಾಹ್ನ ತವರದ ಬಣ್ಣ. ಬಂಡೆಯ ಮೇಲೆ ದಿನವೂ ಒಂದು ಕೊಳದ ಬಕ. ಮಾರ್ಚಿನಲ್ಲಿ ಅದು ಮಣ್ಣುಬಣ್ಣದ ಗೀರುಗಳ, ಇದ್ದೂ ಇಲ್ಲದಂಥ ಹಕ್ಕಿ. ಏಪ್ರಿಲ್ ನಡುವಿಗೆ ಬೆನ್ನು ಒದ್ದೆ ಇಟ್ಟಿಗೆಯ ಕೆಂಗಂದಿಗೆ ತಿರುಗಿತು. ಅದರಾಚೆ, ಕೆಸರಂಚಿನಲ್ಲಿ, ಸಣ್ಣ ಬೆಳ್ಳಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಅರಸಿನದಲ್ಲಿ ಅದ್ದಿದಂತೆ. ಅದು ಒಂದು ಕಾಲನ್ನು ಮುಂದಿಟ್ಟು ಕೆಸರಿನೊಳಗೆ ನಡುಗಿಸುತ್ತದೆ. ನಡುಕ ಬೆರಳಿನಲ್ಲಷ್ಟೇ; ಮೈ, ಕತ್ತು, ಕಣ್ಣು ಯಾವುದೂ ಅಲುಗುವುದಿಲ್ಲ. ಅಡಗಿದ್ದ ಮರಿಮೀನು ಬೆದರಿ ಹೊರಬಂದಾಗ ಕೊಕ್ಕು ಆಗಲೇ ಅಲ್ಲಿರುತ್ತದೆ. ಈ ನಡುಕವನ್ನು ಸರಿಯಾಗಿ ಕಾಣಲು ನನಗೆ ಮೂರು ಬೆಳಗು ಬೇಕಾದವು.

ಬಲಪುಟದಲ್ಲೂ ಅಷ್ಟೇ ನಿಧಾನ. ಮೊದಲು ಬಣ್ಣ ಬರೆದುಕೊಂಡೆ. ಪರದೆಯ ಕೆಳಪಟ್ಟಿ ಬೆಳಿಗ್ಗೆ ಕುಂಕುಮದ ಕೆಂಪು, ರಾತ್ರಿ ಒಂಬತ್ತಕ್ಕೆ ಹೆಪ್ಪುಗಟ್ಟಿದ ರಕ್ತದ ಕೆಂಪು. ತಬ್ಲೀಗಿ ಜಮಾತಿನ ಸಭೆಗೆ ಬಂದಿದ್ದ ಜನ ದಿಲ್ಲಿಯ ನಿಜಾಮುದ್ದೀನ್ ಮರ್ಕಜ್‌ನಿಂದ ಬಸ್ಸು ಹತ್ತುವ ತುಣುಕೊಂದು ಒಂದು ತಾಸಿನಲ್ಲಿ ಇಪ್ಪತ್ತಮೂರು ಸಲ ಬಂತು. ಬಿಳಿ ಟೋಪಿಯ ಒಬ್ಬ ಹಿರಿಯರು ಮೆಟ್ಟಿಲಿನಲ್ಲಿ ಎಡವಿ ಕಂಬಿ ಹಿಡಿಯುತ್ತಾರೆ. ಅಲ್ಲಿಗೆ ತುಣುಕು ಮುಗಿದು ಮತ್ತೆ ಮೊದಲಾಗುತ್ತದೆ. ಇಪ್ಪತ್ತಮೂರು ಸಲವೂ ಅವರು ಬಸ್ಸಿನೊಳಗೆ ಹೋದದ್ದನ್ನು ನಾನು ನೋಡಲಿಲ್ಲ.

ಎರಡನೆಯ ವಾರದಲ್ಲಿ ಕಿವಿ ಕ್ರಿಯಾಪದಗಳತ್ತ ತಿರುಗಿತು. ಅಮ್ಮ ವಾಹಿನಿ ಬದಲಿಸಿದಾಗಲೆಲ್ಲ ವಾಕ್ಯದ ಬಾಲವೂ ಬದಲಾಗುತ್ತಿತ್ತು. ಒಂದು ವಾಹಿನಿಯಲ್ಲಿ ಸೋಂಕನ್ನು ತಬ್ಲೀಗಿಯವರು ‘ಹರಡಿದರು’; ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮಾತ್ರ ‘ತಡವಾಯಿತು’. ಇನ್ನೊಂದರಲ್ಲಿ ಸೋಂಕು ತಾನೇ ‘ಹರಡಿತು’. ತಪಾಸಣೆಯನ್ನು ಸರ್ಕಾರದವರು ‘ತಡಮಾಡಿದರು’. ನಡೆದದ್ದು ಒಂದೇ, ಅಂಕಿಗಳೂ ಹೆಚ್ಚುಕಡಿಮೆ ಒಂದೇ. ವಾಹಿನಿಗೆ ಬೇಕಾದವರ ಕೆಲಸವೆಲ್ಲ ಮಳೆ ಬಂದಂತೆ, ಕರ್ತೃವಿಲ್ಲದೆ ಆಗಿಬಿಡುತ್ತದೆ. ಬೇಡವಾದವರದ್ದಕ್ಕೆ ಮನುಷ್ಯರ ಪ್ರತ್ಯಯ ಅಂಟುತ್ತದೆ. ಇಷ್ಟು ವರ್ಷ ಬಾಯ್ತುಂಬ ಆಡಿದ ಭಾಷೆಯೊಳಗೆ ಇಂಥದೊಂದು ಕೀಲು ಇದೆಯೆಂದು ನಾನು ಅರಿತದ್ದು ಆಗಲೇ. ಆ ಪ್ರತ್ಯಯಗಳ ಕೆಳಗೆ ಗೆರೆ ಎಳೆದಾಗ ಕೈ ನಡುಗಿದ್ದು ನೆನಪಿದೆ.

ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಆ ಏಪ್ರಿಲಿನ ಮೊದಲ ದಿನಗಳಲ್ಲೇ, ಯಾರೋ ಕೆಲವರ ನೆಪದಲ್ಲಿ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸಿದರೆ ಕ್ರಮ ಕೈಗೊಳ್ಳುವೆನೆಂದು ಟಿ.ವಿ. ಸಂದರ್ಶನದಲ್ಲೇ ಎಚ್ಚರಿಸಿದರು. ಅವರ ಪಕ್ಷದ ಪರ ವಾಲಿ ಮಾತಾಡುತ್ತಿದ್ದ ದನಿಗಳು ಮರುದಿನವೂ ‘ಹರಡಿದರು’ ಎಂದೇ ಹೇಳಿದ್ದನ್ನು ತಾರೀಕು ಹಾಕಿ ಬರೆದಿಟ್ಟಿದ್ದೇನೆ.

ನಮ್ಮ ಬೀದಿಗೆ ದಿನವೂ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರುತ್ತಿದ್ದ ಮುಸ್ಲಿಂ ಕಾಕ, ಬೋಟುಗಳು ನಿಂತ ಮೇಲೆ ಬಸಳೆ, ಅಲಸಂಡೆ, ಸೌತೆ ತರತೊಡಗಿದ್ದರು. ಹಾರ್ನ್ ಮಾತ್ರ ಹಳೆಯದೇ. ಆ ಸದ್ದಿಗೆ ಬೀದಿಯ ಬೆಕ್ಕುಗಳು ಒಂದೊಂದಾಗಿ ಇಳಿದು, ಬಾಲ ನೆಟ್ಟಗೆ ಮಾಡಿ ಬಂದು, ಬಸಳೆಯ ಕಟ್ಟನ್ನು ಮೂಸಿ, ತುಸು ದೂರದಲ್ಲಿ ಕೂತು ಕಾಯುತ್ತಿದ್ದವು. ಏಳು ಮನೆಗಳ ಗೇಟುಗಳಲ್ಲಿ ಏಪ್ರಿಲ್ ಒಂದರಂದು ತೆರೆದದ್ದು ಏಳು. ಆರರಂದು ನಾಲ್ಕು. ಹತ್ತರಂದು ನಮ್ಮದೂ ಸೇರಿ ಎರಡು. ಅಂದು ಅಮ್ಮ ಗೇಟಿನವರೆಗೆ ಹೋಗಿ, ಸೆರಗಿನಿಂದ ಬಾಯಿ ಮುಚ್ಚಿ, “ಅಲ್ಲೇ ಇಟ್ಟು ಹೋಗಿ ಕಾಕ” ಎಂದರು. ಕಾಕ ಮಾತಾಡದೆ ಕಟ್ಟನ್ನು ಮೋಟುಗೋಡೆಯ ಮೇಲಿಟ್ಟರು. ಸ್ಕೂಟರ್ ತಿರುಗಿಸಿದವರು ಬೀದಿ ದಾಟುವವರೆಗೆ ಹಾರ್ನ್ ಹಾಕಲಿಲ್ಲ. ನಾನು ಜಗಲಿಯಿಂದ ನೋಡುತ್ತಿದ್ದೆ, ಇಳಿದುಹೋಗಲಿಲ್ಲ. ಇದನ್ನು ಯಾವ ಪುಟದಲ್ಲಿ ಬರೆಯಬೇಕೆಂದು ತಿಳಿಯದೆ ನಡುವಿನ ಮಡಿಕೆಯಲ್ಲಿ ಬರೆದಿದ್ದೇನೆ.

ಏಪ್ರಿಲ್ 19ರಂದು ಜಿಲ್ಲೆಯಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಬಂಟ್ವಾಳ ಕಸಬಾದವರೇ. ಪೇಟೆಯ ದಾರಿಗಳಿಗೆ ಅಡ್ಡಗಟ್ಟಿದರು. ಮತ್ತೆ ಬಹುದಿನ ಯಾರ ಸ್ಕೂಟರೂ ಬರಲಿಲ್ಲ.

ಮರುವರ್ಷ 2021ರ ಜೂನ್ 16ರಂದು ಸುದ್ದಿವಾಹಿನಿಗಳ ಸ್ವನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ, ಬೆಂಗಳೂರಿನ ನಾಗರಿಕರ ತಂಡವೊಂದರ ದೂರಿನ ಮೇಲೆ ಆ ದಿನಗಳ ತಬ್ಲೀಗಿ ಪ್ರಸಾರಗಳ ಬಗ್ಗೆ ತೀರ್ಪು ಕೊಟ್ಟಿತು. ನ್ಯೂಸ್ 18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ. ನ್ಯೂಸ್ 18 ಕನ್ನಡ ಜೂನ್ 23ರಂದು ರಾತ್ರಿ 9ರ ಸುದ್ದಿಗೆ ಮುನ್ನ ಕ್ಷಮೆ ಕೋರಬೇಕೆಂದೂ ಹೇಳಿತು. ಏಪ್ರಿಲಿನಿಂದ ಜೂನಿಗೆ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಕೊಳದ ಬಕ ಕೆಂಗಂದು ಕಳಚಿ, ಮತ್ತೆ ತೊಟ್ಟಿತ್ತು.

ಆ ಜೂನಿನ ಮಳೆಗೆ ನೇತ್ರಾವತಿ ಕೆಂಪಾಗಿ ಬಂಡೆಗಳನ್ನು ಮುಚ್ಚಿ ಹರಿಯುತ್ತಿತ್ತು. ಒಂದು ಬೆಳಿಗ್ಗೆ ಹಾರ್ನ್ ಕೇಳಿ ಹೊರಬಂದೆ. ಮೀನುಗಾರಿಕೆಗೆ ರಜೆಯಾದ್ದರಿಂದ ಕಾಕ ಒಣಮೀನು ತಂದಿದ್ದರು, ಬುಟ್ಟಿಗೆ ನೀಲಿ ಟಾರ್ಪಾಲು ಹೊದಿಸಿ. ಈ ಸಲ ಗೇಟು ನಾನೇ ತೆರೆದೆ. ಆರು ಮನೆಗಳ ಗೇಟು ತೆರೆದವು. ಏಳನೆಯ ಮನೆಯ ಬೂದುಬೆಕ್ಕು ಮುಚ್ಚಿದ ಗೇಟಿನ ಕೆಳಗಿಂದ ಮೈ ಚಪ್ಪಟೆ ಮಾಡಿ ನುಸುಳಿ, ನೆನೆದ ಕಾಲನ್ನು ಎರಡು ಸಲ ಕೊಡವಿ, ಸ್ಕೂಟರಿನ ಪಕ್ಕ ಬಂದು ಕೂತಿತು.