ಮನೆಯ ಧೂಳಿನ ನುಸಿಯೂ ನಮ್ಮ ಕಂಬಳಿ ಕೌದಿಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆಯಾಗಿ ಧೂಳು ಹೆಚ್ಚಿರುವ ಸೀಮೆ. ಇಲ್ಲಿ ಸೀನು, ನೆಗಡಿ, ಉಬ್ಬಸಗಳಿಗೆ ಬೀದಿಯ ಧೂಳೇ ಕಾರಣವೆಂದು ಭಾವಿಸುವುದು ವಾಡಿಕೆ. ಆದರೆ ಮಲಗಿದಾಗ ಅಥವಾ ಹಾಸಿಗೆ ಕೊಡವಿದಾಗ ಬಾಧೆ ಹೆಚ್ಚುವುದಾದರೆ, ಕಾರಣವನ್ನು ಮನೆಯೊಳಗೂ ಅರಸಬೇಕಾಗುತ್ತದೆ.

ಮನೆಯ ಧೂಳಿನಿಂದಾಗುವ ಅಲರ್ಜಿಗೆ ಡರ್ಮಟೋಫಾಗಾಯ್ಡಿಸ್ ಕುಲದ ನುಸಿ ಮುಖ್ಯ ಕಾರಣವೆಂಬ ವಿಚಾರವನ್ನು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು ಮುಂದಿಟ್ಟರು. ಈ ಜೀವಿ ಕೀಟವಲ್ಲ. ಎಂಟು ಕಾಲುಗಳುಳ್ಳ, ಜೇಡದ ಬಂಧು. ಉದ್ದ ಸುಮಾರು 0.3 ಮಿಲಿಮೀಟರ್. ಇದು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಬಾಧೆಯುಂಟುಮಾಡುವುದು ಮುಖ್ಯವಾಗಿ ಇದರ ಹಿಕ್ಕೆಯಲ್ಲಿರುವ ಪ್ರೋಟೀನುಗಳು. ಅವು ಉಸಿರಿನೊಡನೆ ಒಳಹೊಕ್ಕಾಗ, ಒಗ್ಗದವರ ದೇಹದಲ್ಲಿ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಹೊರಬಿದ್ದು ಮೂಗು ಸೋರುತ್ತದೆ, ಶ್ವಾಸನಾಳ ಸಂಕೋಚಗೊಳ್ಳುತ್ತದೆ.

ನುಸಿಯು ನೀರು ಕುಡಿಯದು. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ ಸತತವಾಗಿ ಶೇಕಡಾ 50ಕ್ಕಿಂತ ಕೆಳಗಿದ್ದರೆ ಬೆಳೆದ ನುಸಿಗಳು ಒಣಗಿ ಸಾಯುತ್ತವೆ. ಆದುದರಿಂದ ನಮ್ಮ ಬೇಸಿಗೆ ಅದಕ್ಕೆ ಶತ್ರು. ಆದರೂ ನಿಶ್ಚಿಂತರಾಗಿರುವಂತಿಲ್ಲ. ಮಲಗಿದವರ ಬೆವರು, ಉಸಿರುಗಳಿಂದ ಹಾಸಿಗೆಗೆ ತೇವ ದೊರೆಯುತ್ತದೆ. ಕೆಲವು ಮರಿನುಸಿಗಳು ಬರವನ್ನು ತಾಳಿಕೊಂಡಿದ್ದು, ಹುಬ್ಬೆ, ಉತ್ತರೆ ಮಳೆಗಳ ಕಾಲದಲ್ಲಿ ಮತ್ತೆ ವೃದ್ಧಿಯಾಗಬಲ್ಲವು. ಕುರಿಯುಣ್ಣೆಯ ಕಂಬಳಿ, ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ, ನೆಲಕ್ಕೆ ಹಾಸಿದ ಜಮಖಾನೆ, ಇವು ಹೊಟ್ಟನ್ನೂ ತೇವವನ್ನೂ ಹಿಡಿದಿಡುತ್ತವೆ.

ಮಹಾನವಮಿಗೆ ಮುನ್ನ ಹಾಸುಹೊದಿಕೆಗಳನ್ನೆಲ್ಲ ಒಗೆದು ಒಣಹಾಕುವ ನಮ್ಮ ರೂಢಿ ಶಾಸ್ತ್ರಸಮ್ಮತವಾದುದು. ಏಕೆಂದರೆ ಬಿಸಿಲು ನುಸಿಯನ್ನು ಕೊಲ್ಲಬಲ್ಲದೇ ಹೊರತು ಹಿಕ್ಕೆಯನ್ನು ತೆಗೆಯಲಾರದು. ಅದಕ್ಕೆ ನೀರೇ ಬೇಕು. ಆದರೆ ರೋಗಿಯಿರುವ ಮನೆಗೆ ವರ್ಷಕ್ಕೊಂದಾವೃತ್ತಿ ಸಾಲದು. ದಿಂಬಿನ ಚೀಲ, ಹೊದಿಕೆಯ ಬಟ್ಟೆಗಳನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದು ಲೇಸು. ಬಿಸಿನೀರಿನಲ್ಲಿ ಕಂಬಳಿ ಕುಗ್ಗುವುದರಿಂದ ಅದನ್ನು ತಣ್ಣೀರಿನಲ್ಲಿ ತೊಳೆದು ಎರಡು ಮಗ್ಗುಲೂ ಬಿಸಿಲಿಗೆ ಹಾಕಬೇಕು. ಕೊಡವುವ ಕೆಲಸ ಅಂಗಳದಲ್ಲಾಗಲಿ. ರೋಗಿಯು ದೂರವಿರಲಿ, ಕೊಡವುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ರೋಗಿಯ ಕೋಣೆಯಲ್ಲಿ ಜಮಖಾನೆಯನ್ನು ಬಿಟ್ಟು, ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸುವುದು ಯುಕ್ತ.

ಈ ಕ್ರಮಗಳು ಔಷಧಕ್ಕೆ ಬದಲಿಯಲ್ಲ. ಉಬ್ಬಸವುಳ್ಳವರು, ಮುಖ್ಯವಾಗಿ ಮಕ್ಕಳು, ವೈದ್ಯರಿಂದ ಚರ್ಮಪರೀಕ್ಷೆ ಮಾಡಿಸಿಕೊಂಡು ಕಾರಣವನ್ನು ನಿಶ್ಚಯಿಸಿಕೊಳ್ಳಬೇಕು; ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಹಾಸಿಗೆಯ ಶುದ್ಧಿ ಆ ಚಿಕಿತ್ಸೆಗೆ ನೆರವಾಗುವುದೆಂದಷ್ಟೇ ನಾವು ಹೇಳಬಯಸುತ್ತೇವೆ.