ಸ್ತನಾರ್ಬುದ ಮತ್ತು ಆಕರಕೋಶಗಳು

ಅರ್ಬುದವೊಂದನ್ನು ಹುಟ್ಟಿಸಲು ಎಷ್ಟು ಕೋಶಗಳು ಬೇಕು?

ಸ್ತನಾರ್ಬುದದ ಗಂಟಿನಿಂದ ಬೇರ್ಪಡಿಸಿದ ಕೋಶಗಳನ್ನು ಅವುಗಳ ಹೊರಮೈಯ ಪ್ರೋಟೀನುಗಳನ್ನನುಸರಿಸಿ ವಿಂಗಡಿಸಿ, ರೋಗನಿರೋಧಶಕ್ತಿ ಕುಂದಿದ ಇಲಿಗಳ ಮೈಯೊಳಗಿರಿಸಿ ಪರೀಕ್ಷಿಸಿದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮೈಕಲ್ ಕ್ಲಾರ್ಕ್ ಮತ್ತವರ ಸಂಗಡಿಗರು, ಸಿಡಿ44 ಎಂಬ ಪ್ರೋಟೀನಿದ್ದು ಸಿಡಿ24 ಎಂಬುದು ಇಲ್ಲವೆನ್ನುವಷ್ಟು ವಿರಳವಾಗಿದ್ದ ಕೇವಲ 100 ಕೋಶಗಳು ಗಂಟನ್ನು ಬೆಳೆಸಿದುವೆಂದೂ, ಉಳಿದ ಬಗೆಯವು ಹತ್ತಾರು ಸಾವಿರವಿದ್ದರೂ ನಿಷ್ಫಲವಾದುವೆಂದೂ 2003ರಲ್ಲಿ ಪ್ರಕಟಿಸಿದರು.

ಹಾಲಿನ ನಾಳಗಳನ್ನು ಕಟ್ಟುವ ಸಹಜ ಆಕರಕೋಶಗಳಂತೆ (ಸ್ಟೆಮ್ ಸೆಲ್) ಗಂಟನ್ನು ಬೆಳೆಸಿದ ಆ ಕೋಶಗಳೂ ತಮ್ಮಂಥವನ್ನೇ ಹಡೆಯುವುದಲ್ಲದೆ ಭಿನ್ನಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲವು. ದೀರ್ಘಕಾಲ ಬಾಳುವ ಆಕರಕೋಶದಲ್ಲಿ ಜೀನುಗಳ ದೋಷಗಳು ಸಂಚಯವಾಗಿ ವ್ಯಾಧಿಯು ಮೊದಲಾಗಿರಬಹುದು, ಅಥವಾ ಪ್ರೌಢಕೋಶವೇ ವಿಕಾರಹೊಂದಿ ಆಕರಕೋಶದ ಗುಣವನ್ನು ಪಡೆದಿರಬಹುದು.

ಕೀಮೋಥೆರಪಿಯಿಂದ ಗಂಟು ಕರಗಿದರೂ, ಮೇಲಷ್ಟೇ ಕೊಯ್ದ ಗರಿಕೆಯ ಬೇರಿನಂತೆ ಇಂಥವು ಕೆಲವು ಉಳಿದು ಮರಳಿ ಚಿಗುರಬಹುದಾದ್ದರಿಂದ, ಅವನ್ನೇ ನಾಶಗೊಳಿಸುವ ಔಷಧಗಳ ಅನ್ವೇಷಣೆ ಇಂದಿಗೂ ನಡೆದಿದೆ.