ದೂರಪ್ರಯಾಣದ ಮಜಲುಗಳು: ಯುರೋಪಿನ ವಿದ್ಯುತ್ ಕಾರೂ ವಿಜಯಪುರ ಸೀಮೆಯ ಕ್ಷೇತ್ರಕಾರ್ಯವೂ

ಪ್ರಯಾಣದ ಇತಿಹಾಸವೆಂದರೆ ದಾರಿಗಳ ಇತಿಹಾಸವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವಾಸ್ತವವಾಗಿ ಅದು ತಂಗುದಾಣಗಳ ಇತಿಹಾಸವೂ ಅಹುದು. ಎತ್ತಿಗೆ ಹುಲ್ಲುನೀರು, ಕುದುರೆಗೆ ಹುರುಳಿ, ಉಗಿಬಂಡಿಗೆ ಕಲ್ಲಿದ್ದಲು ಮತ್ತು ನೀರು, ಮೋಟಾರಿಗೆ ಪೆಟ್ರೋಲು: ಇವು ಎಲ್ಲಿ, ಎಷ್ಟು ಅಂತರದಲ್ಲಿ ದೊರೆಯುವವೆಂಬುದನ್ನು ಅನುಸರಿಸಿಯೇ ಆಯಾ ಕಾಲದ ಪಯಣಿಗನು ತನ್ನ ಮಜಲುಗಳನ್ನು ಗೊತ್ತುಪಡಿಸಿಕೊಂಡನು. ಪೆಟ್ರೋಲು ಪ್ರತಿ ಊರಿನಲ್ಲಿಯೂ ದೊರೆಯತೊಡಗಿದ ಮೇಲೆ ಈ ಲೆಕ್ಕಾಚಾರದ ಅಭ್ಯಾಸವು ನಮ್ಮಿಂದ ಮರೆಯಾಯಿತು. ವಿದ್ಯುತ್ ಕಾರು ಅದನ್ನು ಮತ್ತೆ ಮುಂದೆ ತಂದಿದೆ. ಯುರೋಪಿನಲ್ಲಿ ಇಂತಹ ಕಾರಿನ ದೂರಪ್ರಯಾಣವನ್ನು ಹೇಗೆ ಯೋಜಿಸುತ್ತಾರೆಂಬುದನ್ನು ವಿವರಿಸಿ, ಅದೇ ಕ್ರಮವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಮ್ಮ ಶಾಸನಶೋಧದ ಪ್ರವಾಸಕ್ಕೆ ಹೇಗೆ ಅನ್ವಯಿಸಬಹುದೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಎರಡು ಹಳೆಯ ನಿದರ್ಶನಗಳನ್ನು ನೋಡೋಣ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಟಾ ಬೆಂಟ್ಸ್ ಎಂಬ ಮಹಿಳೆಯು ತನ್ನ ಪತಿಯು ನಿರ್ಮಿಸಿದ್ದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್ ಪಟ್ಟಣಕ್ಕೆ ನೂರಕ್ಕೂ ಮಿಕ್ಕಿದ ಕಿಲೊಮೀಟರು ದೂರವನ್ನು ಕ್ರಮಿಸಿದಳು. ಮೋಟಾರಿನ ಪ್ರಥಮ ದೂರಪ್ರಯಾಣವೆಂದು ಪ್ರಸಿದ್ಧವಾದ ಈ ಸಂಚಾರದಲ್ಲಿ ಇಂಧನ ಮುಗಿಯಲು, ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವವನ್ನು ಕೊಳ್ಳಬೇಕಾಯಿತು. ಅಂದಿನ ಪೆಟ್ರೋಲು ಪಂಪು ಔಷಧದ ಅಂಗಡಿಯೇ ಆಗಿದ್ದಿತು! ಹೊಸ ವಾಹನವು ಬಂದಾಗ ಅದರ ಆಹಾರವು ಮೊದಲು ಬೇರೊಂದು ಉದ್ದೇಶದ ಸ್ಥಳದಲ್ಲಿಯೇ ದೊರೆಯುವುದೆಂಬುದು ಇದರಿಂದ ತಿಳಿದುಬರುತ್ತದೆ.

ಎರಡನೆಯದು ನಮ್ಮ ಸೀಮೆಗೆ ಸಂಬಂಧಿಸಿದುದು. ಫ್ರಾನ್ಸಿನ ರತ್ನವ್ಯಾಪಾರಿ ತಾವೆರ್ನಿಯೆಯು 1676ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಗೋವೆಯಿಂದ ವಿಜಾಪುರದ ಮೇಲೆ ಗೋಲಕೊಂಡೆಗೆ ಹೋಗುವ ಮಾರ್ಗಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿರಿಸಿದ್ದಾನೆ. ನಮ್ಮ ದೇಶದ ಗಾಡಿಯ ಎತ್ತುಗಳ ವಿಷಯವಾಗಿ ಅವನು ಹೇಳಿರುವುದು ಸ್ವಾರಸ್ಯಕರವಾಗಿದೆ. ಅವು ದಿನಕ್ಕೆ ಹನ್ನೆರಡರಿಂದ ಹದಿನೈದು ಲೀಗುಗಳಂತೆ ಅರುವತ್ತು ದಿನಗಳವರೆಗೆ ನಡೆಯಬಲ್ಲವು. ಅರ್ಧ ದಿನದ ದಾರಿ ಮುಗಿದಾಗ ಬೆಣ್ಣೆ, ಕಪ್ಪು ಸಕ್ಕರೆಗಳಲ್ಲಿ ನಾದಿದ ಗೋದಿಹಿಟ್ಟಿನ ಎರಡು ಮೂರು ಉಂಡೆಗಳನ್ನು ಕೊಡುತ್ತಾರೆ. ಸಂಜೆಗೆ ಅರ್ಧ ಗಂಟೆ ನೆನೆಯಿಟ್ಟ ಒಡೆದ ಕಡಲೆಯನ್ನು ತಿನ್ನಿಸುತ್ತಾರೆ. ನಡುಹಗಲಿನಲ್ಲಿ ಅಲ್ಪಕಾಲದ ಸತ್ವಯುತ ಆಹಾರ, ರಾತ್ರಿ ವಿಶ್ರಾಂತಿಯೊಡನೆ ತುಂಬು ಮೇವು ಎಂಬ ಈ ದ್ವಿವಿಧ ಕ್ರಮವೇ ಇಂದಿನ ವಿದ್ಯುತ್ ಕಾರಿನ ಪ್ರಯಾಣಯೋಜನೆಯ ಮೂಲಸೂತ್ರವೆಂದರೆ ತಪ್ಪಾಗಲಾರದು.

ಇನ್ನು ಯಂತ್ರದ ಸ್ವರೂಪವನ್ನು ತಿಳಿಯಬೇಕು. ಕಾರಿನ ಬ್ಯಾಟರಿಯ ಧಾರಣಶಕ್ತಿಯನ್ನು ಕಿಲೊವಾಟ್ ಗಂಟೆಗಳಲ್ಲಿ ಎಣಿಸುತ್ತಾರೆ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟು ಎಂದು ಬರೆಯುವುದು ಇದನ್ನೇ. 60 ಯೂನಿಟ್ಟು ಹಿಡಿಯುವ ಬ್ಯಾಟರಿಯುಳ್ಳ ಕಾರು ಹೆದ್ದಾರಿಯಲ್ಲಿ ನೂರು ಕಿಲೊಮೀಟರಿಗೆ 18 ಯೂನಿಟ್ಟು ವ್ಯಯಿಸುವುದೆಂದು ಭಾವಿಸಿದರೆ, ಕಾಗದದ ಮೇಲೆ ಅದು 333 ಕಿಲೊಮೀಟರು ಹೋಗಬೇಕು. ಆದರೆ ಈ ಸಂಖ್ಯೆಯನ್ನು ನಂಬಿ ಹೊರಡುವುದು ವಿವೇಕವಲ್ಲ. ವೇಗವು ಹೆಚ್ಚಿದಂತೆ ಗಾಳಿಯ ತಡೆಯು ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಚಳಿಯಲ್ಲಿ ಬ್ಯಾಟರಿಯನ್ನೂ ಕಾರಿನ ಒಳಗನ್ನೂ ಬಿಸಿಮಾಡಲು ಶಕ್ತಿಯು ವೆಚ್ಚವಾಗುತ್ತದೆ. ಘಟ್ಟವನ್ನು ಏರುವಾಗ ಹೆಚ್ಚು ಬೇಕಾಗುತ್ತದೆ. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಒಂದಂಶವನ್ನು ಮರಳಿ ಕೊಡುತ್ತದೆ.

ಮತ್ತೊಂದು ಮುಖ್ಯ ವಿಷಯವಿದೆ. ಬ್ಯಾಟರಿಯು ಬರಿದಾಗಿರುವಾಗ ವೇಗವಾಗಿ ತುಂಬುತ್ತದೆ. ಸುಮಾರು 80 ಪ್ರತಿಶತ ತುಂಬಿದ ಮೇಲೆ, ಕೋಶಗಳಿಗೆ ಹಾನಿಯಾಗದಂತೆ ವಿದ್ಯುತ್ ಪ್ರವಾಹವನ್ನು ತಗ್ಗಿಸಲಾಗುತ್ತದೆ. ತುಂಬಿದ ಬಸ್ಸಿನಲ್ಲಿ ಕಡೆಯ ಪಯಣಿಗನು ಜಾಗ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳುವಂತೆಯೇ ಇದು. ಆದ್ದರಿಂದ ದಾರಿಯಲ್ಲಿ 10ರಿಂದ 80 ಪ್ರತಿಶತದವರೆಗೆ ಮಾತ್ರ ತುಂಬಿಸಿಕೊಂಡು ಮುಂದುವರಿಯುವುದೂ, ನೂರು ಪ್ರತಿಶತವನ್ನು ರಾತ್ರಿಯ ತಂಗುದಾಣದ ನಿಧಾನವಾದ ಚಾರ್ಜಿಗೆ ಬಿಡುವುದೂ ರೂಢಿಯಾಗಿದೆ. ಗೋದಿಯ ಉಂಡೆ ಮತ್ತು ನೆನೆದ ಕಡಲೆಗಳ ನ್ಯಾಯವೇ ಇದು.

ಉದಾಹರಣೆಗೆ ಜರ್ಮನಿಯ ಮ್ಯೂನಿಕ್ ನಗರದಿಂದ ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆಯನ್ನು ದಾಟಿ ಇಟಲಿಯ ವೆರೋನಾ ನಗರಕ್ಕೆ ಹೋಗುವ ಸುಮಾರು 430 ಕಿಲೊಮೀಟರಿನ ದಾರಿಯನ್ನು ತೆಗೆದುಕೊಳ್ಳೋಣ. ಮ್ಯೂನಿಕ್ ಸಮುದ್ರಮಟ್ಟದಿಂದ ಸುಮಾರು 520 ಮೀಟರು ಎತ್ತರದಲ್ಲಿದೆ; ಬ್ರೆನ್ನರ್ ಸುಮಾರು 1370 ಮೀಟರು. ಎರಡು ಟನ್ನು ತೂಕದ ಕಾರನ್ನು ಈ 850 ಮೀಟರು ಎತ್ತುವುದಕ್ಕೇ 4.6 ಯೂನಿಟ್ಟು ಬೇಕು. ಬೇಸಗೆಯಲ್ಲಿ 60 ಯೂನಿಟ್ಟಿನೊಡನೆ ಹೊರಟ ಕಾರು ಬ್ರೆನ್ನರನ್ನು ತಲುಪುವಾಗ ಸುಮಾರು 20 ಯೂನಿಟ್ಟು ಉಳಿದಿರುತ್ತದೆ. ಮುಂದೆ 85 ಕಿಲೊಮೀಟರು ಇಳಿದು ಬೊಲ್ಜಾನೋ ಪಟ್ಟಣವನ್ನು ಸೇರುವಾಗ 13 ಪ್ರತಿಶತದಷ್ಟು ಶೇಷವಿರುತ್ತದೆ. ಅಲ್ಲಿ ನೂರು ಕಿಲೊವಾಟ್ ಸರಾಸರಿಯ ಚಾರ್ಜರಿನಲ್ಲಿ ಕಾಲು ಗಂಟೆ ನಿಂತರೆ ವೆರೋನಾವನ್ನು ಹತ್ತು ಪ್ರತಿಶತ ಉಳಿಕೆಯೊಡನೆ ಮುಟ್ಟಬಹುದು.

ಚಳಿಗಾಲದಲ್ಲಿ ವೆಚ್ಚವು ಕಾಲು ಪಾಲು ಹೆಚ್ಚುವುದೆಂದು ಹಿಡಿದರೆ, ಬ್ರೆನ್ನರಿನಲ್ಲಿ ಉಳಿಯುವುದು 11 ಯೂನಿಟ್ಟು. ಬೊಲ್ಜಾನೋಗೆ ಬೇಕಾಗುವುದು 16. ಅರ್ಥಾತ್ ಅದೇ ಕಾರು, ಅದೇ ದಾರಿ, ಆದರೂ ಕಾರು ಪರ್ವತದ ಇಳಿಜಾರಿನಲ್ಲಿ ನಿಂತುಹೋಗುತ್ತದೆ. ಆದುದರಿಂದ ಚಳಿಗಾಲದ ಪಯಣಿಗನು ಏರುವ ಮುನ್ನವೇ ಇನ್ಸ್‌ಬ್ರುಕ್ಕಿನಲ್ಲಿ ಒಮ್ಮೆ, ಇಳಿದ ಮೇಲೆ ಮತ್ತೊಮ್ಮೆ, ಹೀಗೆ ಎರಡು ಮಜಲುಗಳನ್ನು ಮಾಡಬೇಕು. ಮಜಲನ್ನು ನಿರ್ಣಯಿಸುವುದು ಕೇವಲ ದೂರವಲ್ಲ, ಋತುಮಾನವೂ ಅಹುದು.

ಯುರೋಪಿನಲ್ಲಿ ಈ ಯೋಜನೆಯು ಸುಲಭವಾದುದಕ್ಕೆ ಶಾಸನದ ಬೆಂಬಲವೂ ಕಾರಣ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಅಂಗೀಕರಿಸಿ 2024ರ ಏಪ್ರಿಲ್ 13ರಿಂದ ಜಾರಿಗೆ ತಂದ ನಿಯಮದಂತೆ, ಪ್ರಧಾನ ಹೆದ್ದಾರಿಗಳಲ್ಲಿ ಪ್ರತಿ 60 ಕಿಲೊಮೀಟರಿಗೊಮ್ಮೆ, ಎರಡೂ ದಿಕ್ಕಿನಲ್ಲಿ, 2025ರ ಕೊನೆಯೊಳಗೆ ಒಟ್ಟು 400 ಕಿಲೊವಾಟ್ ಸಾಮರ್ಥ್ಯದ ಚಾರ್ಜಿನ ತಾಣವಿರಬೇಕೆಂದು ವಿಧಿಸಲಾಯಿತು. ಅದರಲ್ಲಿ ಒಂದಾದರೂ 150 ಕಿಲೊವಾಟಿನದಾಗಿರಬೇಕು. ನಮ್ಮ ದೇಶದಲ್ಲಿಯೂ ಕೇಂದ್ರ ವಿದ್ಯುತ್ ಮಂತ್ರಾಲಯವು 2018ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿಗೆ 25 ಕಿಲೊಮೀಟರಿಗೊಂದು ಕೇಂದ್ರವೆಂಬ ಗುರಿಯನ್ನು ಇಟ್ಟಿತು. ಕರ್ನಾಟಕವಂತೂ 2017ರಲ್ಲಿಯೇ ವಿದ್ಯುತ್ ವಾಹನಗಳ ನೀತಿಯನ್ನು ಪ್ರಕಟಿಸಿತು. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಸಣ್ಣ ವಿದ್ಯುತ್ ಕಾರು ಮುಂದೆ ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಆದರೆ ಅದು ನಗರದೊಳಗಿನ ವಾಹನವಾಗಿದ್ದಿತು; ದೂರಪ್ರಯಾಣದ ಪ್ರಶ್ನೆಯು ಆಗ ಉದ್ಭವಿಸಿರಲಿಲ್ಲ.

ಈಗ ನಮ್ಮ ನಾಲ್ಕು ತಾಲೂಕುಗಳಿಗೆ ಬರೋಣ. ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ 945ನೆಯ ಇಸವಿಯ ಪ್ರಸಿದ್ಧ ಸ್ತಂಭಶಾಸನವಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ವೆಚ್ಚಕ್ಕಾಗಿ ಪ್ರತ್ಯೇಕವಾಗಿ ಭೂಮಿಯನ್ನು ಬಿಡಲಾಗಿತ್ತು. ದೂರದಿಂದ ಬರುವವನಿಗೆ ವಸತಿಯೂ ಬೆಳಕೂ ಬೇಕೆಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಗ್ರಹಿಸಿದ ನೆಲವಿದು. ಮುದ್ದೇಬಿಹಾಳದ ಕಡೆಗೆ ರಕ್ಕಸಗಿ, ತಂಗಡಗಿಗಳು 1565ರ ಯುದ್ಧದಿಂದ ಪ್ರಖ್ಯಾತವಾಗಿವೆ. ಕೃಷ್ಣೆಯನ್ನು ದಾಟುವ ಹಾಯ್ಗಡವನ್ನು ವಿಜಯನಗರದವರು ಕಾಯ್ದಿರಿಸಿದ್ದರು. ಸುಲ್ತಾನರ ಸೈನ್ಯವು ಬೇರೆಡೆ ದಾಟುವಂತೆ ನಟಿಸುತ್ತ ದಂಡೆಯುದ್ದಕ್ಕೂ ಮೂರು ದಿನ ನಡೆದು, ಹಿಂದಿರುಗಿ ಮೊದಲಿನ ಸ್ಥಳದಲ್ಲಿಯೇ ದಾಟಿತೆಂದು ಫಿರಿಶ್ತಾ ಬರೆದಿದ್ದಾನೆ. ಸಾಮ್ರಾಜ್ಯವೊಂದರ ಭವಿತವ್ಯವು ದಾರಿಯ ಒಂದು ಬಿಂದುವಿನಲ್ಲಿ ನಿರ್ಣಯವಾದ ಬಗೆ ಇದು.

ಈ ಸ್ಥಳಗಳನ್ನು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷ ತೋರಿಸಬೇಕೆಂಬುದು ನಮ್ಮ ಆಶಯ. ವಿಜಯಪುರದಿಂದ ಇಂಡಿಗೆ ಸುಮಾರು 55, ಅಲ್ಲಿಂದ ಸಿಂದಗಿಗೆ 50, ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ 80, ಬಸವನ ಬಾಗೇವಾಡಿಗೆ 40, ಮರಳಿ ವಿಜಯಪುರಕ್ಕೆ 45 ಕಿಲೊಮೀಟರು. ಸ್ಥೂಲವಾಗಿ ಒಟ್ಟು 270. ನಮ್ಮ ರಸ್ತೆಗಳಲ್ಲಿ ವೇಗವು ಕಡಿಮೆಯಾದ್ದರಿಂದ ನೂರು ಕಿಲೊಮೀಟರಿಗೆ 14 ಯೂನಿಟ್ಟು ಸಾಕು. 40 ಯೂನಿಟ್ಟಿನ ಕಾರಿಗೆ 38 ಬೇಕಾಯಿತು. ಲೆಕ್ಕದಲ್ಲಿ ಪ್ರಯಾಣವು ಮುಗಿಯುತ್ತದೆ. ವಾಸ್ತವದಲ್ಲಿ ಎರಡು ಯೂನಿಟ್ಟನ್ನು ನಂಬಿ ಯಾರೂ ವಿದ್ಯಾರ್ಥಿಗಳನ್ನು ಕರೆದೊಯ್ಯಲಾಗದು.

ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಇಬ್ಬರು ಅಧ್ಯಾಪಕರೂ ಮೂವರು ವಿದ್ಯಾರ್ಥಿನಿಯರೂ ಹೊರಟೆವು. ಸಂಜೆ ಬೆಳಕಿರುವಾಗಲೇ ಮರಳುವೆವೆಂದು ಅವರ ಮನೆಗಳಲ್ಲಿ ಮಾತು ಕೊಟ್ಟಿದ್ದೆವು. ಸಿಂದಗಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತು, ಮಾಲಿಕರ ಅನುಮತಿಯಿಂದ 15 ಆಂಪಿಯರಿನ ಸಾಕೆಟ್ಟಿಗೆ ಕಾರನ್ನು ಜೋಡಿಸಿದೆವು. ಮೂರು ಗಂಟೆಗಳಲ್ಲಿ ಒಂಬತ್ತು ಯೂನಿಟ್ಟು ಸೇರಬೇಕಾಗಿತ್ತು. ರೊಟ್ಟಿಯ ತಾಟು ಬರುವಷ್ಟರಲ್ಲಿ ವಿದ್ಯುತ್ತು ಹೋಯಿತು. "ಬರ್ತೈತ್ರಿ ಸರ್, ಇಲ್ಲಾಂದ್ರ ಸಂಜೀಕ ಬರ್ತೈತಿ" ಎಂದರು ಮಾಲಿಕರು. ಕಾರಿನಲ್ಲಿ ಸುಮಾರು 25 ಯೂನಿಟ್ಟು ಉಳಿದಿದ್ದಿತು. ಮುದ್ದೇಬಿಹಾಳಕ್ಕೆ ಹೋಗಬಹುದಾಗಿದ್ದಿತು, ಅಲ್ಲಿಂದ ವಿಜಯಪುರಕ್ಕೆ ಮರಳುವಾಗ ಉಳಿಯುತ್ತಿದ್ದುದು ಎರಡೂವರೆ. ನೇರವಾಗಿ ವಿಜಯಪುರಕ್ಕೆ 60 ಕಿಲೊಮೀಟರು. ಅದಕ್ಕೆ ಒಂಬತ್ತು ಯೂನಿಟ್ಟಿಗಿಂತ ಕಡಿಮೆ ಸಾಕು. ನಾವು ಮರಳಿದೆವು. ಕೊಟ್ಟ ಮಾತು ಉಳಿಯಿತು; ಆದರೆ ತಂಗಡಗಿಯ ಕಡೆಗೆ ವಿದ್ಯಾರ್ಥಿನಿಯರು ಪ್ರತಿಮಾಡಿಕೊಳ್ಳಬೇಕೆಂದಿದ್ದ ವೀರಗಲ್ಲುಗಳು ಹಾಗೆಯೇ ಉಳಿದವು. ಅವರಲ್ಲಿ ಒಬ್ಬಳಿಗೆ ಅದು ಪದವಿಯ ಕಡೆಯ ವರ್ಷವಾಗಿತ್ತು.

ದೋಷವು ಕಾರಿನದಲ್ಲ, ಖಾನಾವಳಿಯದೂ ಅಲ್ಲ, ನಮ್ಮ ಯೋಜನೆಯದು. ಒಂದೇ ತಾಣವನ್ನು ನಂಬಿದ್ದೆವು. ಅದು ತಪ್ಪಿದರೆ ಎರಡನೆಯದಾವುದೆಂಬುದನ್ನು ಮೊದಲೇ ನಿಶ್ಚಯಿಸಿರಲಿಲ್ಲ. ಯುರೋಪಿನ ಅನುಭವಿ ಪಯಣಿಗನು ಪ್ರತಿ ಮಜಲಿಗೂ ಬದಲಿ ಮಜಲನ್ನು ಬರೆದಿಟ್ಟುಕೊಂಡೇ ಹೊರಡುತ್ತಾನೆ. ಬಸವನ ಬಾಗೇವಾಡಿಯ ಸೀಮೆಯಲ್ಲಿಯೇ ಕೂಡಗಿಯ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಆಲಮಟ್ಟಿಯ ಅಣೆಕಟ್ಟಿನಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರವಿದೆ. ಆದರೂ ವಿದ್ಯುತ್ತಿನ ಉತ್ಪಾದನೆ ಬೇರೆ, ಬೇಕಾದ ಹೊತ್ತಿಗೆ ದಾರಿಬದಿಯಲ್ಲಿ ಅದು ದೊರೆಯುವುದು ಬೇರೆ.

ಈ ಅನುಭವದಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ಅಧ್ಯಾಪಕರು ಗ್ರಹಿಸಬೇಕಾದ ಸೂತ್ರಗಳು ಇಷ್ಟು. ಹಿಂದಿನ ರಾತ್ರಿ ಪೂರ್ಣ ತುಂಬಿಸಿಕೊಂಡು ಹೊರಡಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಂಪುಯಂತ್ರದ ವೆಚ್ಚವನ್ನು ಸೇರಿಸಿ ಎಣಿಸಬೇಕು. ಮಳೆಗಾಲದಲ್ಲಿ ಡೋಣಿ ಹೊಳೆಯು ತುಂಬಿ ದಾರಿಯು ಸುತ್ತಾದರೆ ಆ ಸುತ್ತಿನ ಲೆಕ್ಕವೂ ಇರಬೇಕು. ಎಲ್ಲಿ ಹೆಚ್ಚು ಹೊತ್ತು ಕೆಲಸವಿದೆಯೋ ಅಲ್ಲಿಯೇ ಚಾರ್ಜಿನ ಏರ್ಪಾಡನ್ನು ಮುಂಗಡವಾಗಿ ಮಾಡಿಕೊಳ್ಳಬೇಕು. ಶಾಸನವನ್ನು ಪ್ರತಿಮಾಡಲು ಮೂರು ಗಂಟೆ ಹಿಡಿಯುವುದಾದರೆ ಆ ಮೂರು ಗಂಟೆ ಕಾರಿಗೂ ಉಪಯುಕ್ತವಾಗುತ್ತದೆ. ಕಡೆಯದಾಗಿ, ನಾಲ್ಕು ತಾಲೂಕುಗಳನ್ನು ಒಂದೇ ದಿನ ಸುತ್ತುವ ಹಂಬಲವನ್ನು ಬಿಟ್ಟು, ಮುದ್ದೇಬಿಹಾಳದಲ್ಲಿ ಒಂದು ರಾತ್ರಿ ತಂಗುವುದು ಮೇಲು.

ಈ ನಾಲ್ಕು ಸ್ಥಳಗಳಲ್ಲಿರುವ ಕಾಲೇಜುಗಳು ಪರಸ್ಪರ ಒಪ್ಪಿ, ತಮ್ಮ ಆವರಣದಲ್ಲಿ ಒಂದೊಂದು ಸಾಕೆಟ್ಟನ್ನೂ ಅತಿಥಿಗಳಿಗೆ ಒಂದೊಂದು ಕೊಠಡಿಯನ್ನೂ ಕ್ಷೇತ್ರಕಾರ್ಯದ ತಂಡಗಳಿಗೆ ಕಾದಿರಿಸಿದರೆ ಅದರ ವೆಚ್ಚವು ಅತ್ಯಲ್ಪ. ವೀಸ್‌ಲೋಖಿನಲ್ಲಿ ಔಷಧದ ಅಂಗಡಿಯು ಮಾಡಿದ ಉಪಕಾರವನ್ನು ನಮ್ಮ ಕಾಲೇಜುಗಳು ಮಾಡಬಲ್ಲವು. ಸಾಲೋಟಗಿಯ ದಾನಿಯು ಪರಸ್ಥಳದ ವಿದ್ಯಾರ್ಥಿಗಳಿಗೆ ಮನೆಯನ್ನೂ ದೀಪವನ್ನೂ ಒದಗಿಸಿದುದರ ಮುಂದುವರಿಕೆಯೇ ಅದಾಗುತ್ತದೆ. ಬರುವ ಪೌಷ, ಮಾಘಗಳ ತಂಪಿನಲ್ಲಿ, ಈ ಬಾರಿ ಎರಡು ದಿನಗಳ ಯೋಜನೆಯೊಡನೆ, ತಂಗಡಗಿಯ ವೀರಗಲ್ಲುಗಳನ್ನು ನೋಡಲು ಮತ್ತೆ ಹೊರಡುವವರಿದ್ದೇವೆ. ಪದವಿ ಮುಗಿಸಿದ ಆ ವಿದ್ಯಾರ್ಥಿನಿಗೂ ಪತ್ರ ಬರೆಯಲಾಗಿದೆ.